ತಂಗಿಗೆ ಪಿಸಿಎಂಬಿನಾ, ಪಿಸಿಎಂಸಿನಾ? ಹಾಸನದ ಕಡೆಯವರು ದಯವಿಟ್ಟು ಹೇಳಿ

ಅರಕಲಗೂಡಿನ ಅಣ್ಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ನಾನು ಪೀಣ್ಯದಲ್ಲಿ ಫಿಟ್ಟರ್ ಆಗಿದ್ದೇನೆ. ತಂಗಿ ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದಳು. 625ಕ್ಕೆ 548 ಬಂದಿದೆ. ಕನ್ನಡ 121, ವಿಜ್ಞಾನ 88, ಗಣಿತ 76, ಇಂಗ್ಲಿಷ್ 84. ಒಂದರಿಂದ ಹತ್ತರವರೆಗೂ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನಮ್ಮ ಮನೆಯಲ್ಲಿ ಪಿಯುಸಿ ಮೆಟ್ಟಿಲು ಹತ್ತುತ್ತಿರುವವಳು ಇವಳೇ ಮೊದಲು.

ಈಗ ದಿನಾ ಮನೆಯಲ್ಲಿ ಒಂದೇ ಮಾತು. ಮಾವ ಹೇಳುತ್ತಾರೆ, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್) ಕೊಡಿಸಿ, ಕಂಪ್ಯೂಟರ್ ಇಂಜಿನಿಯರ್ ಆಗಲಿ, ಬೆಂಗಳೂರಲ್ಲಿ ಕೆಲಸ ಗ್ಯಾರಂಟಿ ಅಂತ. ಅಮ್ಮನಿಗೆ ಡಿ.ಎಡ್ ಮಾಡಿ ಟೀಚರ್ ಆಗಲಿ ಅಂತ ಆಸೆ. ಅಪ್ಪ ಏನೂ ಹೇಳುವುದಿಲ್ಲ. ಅವರಿಗೆ ಈಗ ಬಿತ್ತನೆ ಗಡ್ಡೆಯದೇ ಚಿಂತೆ.

ತಂಗಿಗೆ ಇಷ್ಟ ಇರುವುದು ಅಗ್ರಿ, ಅಂದರೆ ಬಿಎಸ್ಸಿ ಕೃಷಿ. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಹೋದ ಮುಂಗಾರಿನಲ್ಲಿ ನಮ್ಮ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಆಗ ಅವಳು ಒಂದು ನೋಟ್‌ಬುಕ್ ಮಾಡಿದ್ದಾಳೆ, ರಜೆಗೆ ಹೋದಾಗ ನೋಡಿದೆ. ರೋಗ ಬಂದ ಎಲೆಯನ್ನು ಒಣಗಿಸಿ ಅಂಟಿಸಿದ್ದಾಳೆ. ಕೆಳಗೆ ತಾರೀಕು, ಹಿಂದಿನ ಎರಡು ದಿನ ಮೋಡ ಇತ್ತಾ, ಸೋನೆ ಇತ್ತಾ, ಅಪ್ಪ ಯಾವ ಔಷಧಿ ಹೊಡೆದರು, ಎಷ್ಟು ಸಾಲು ಉಳಿಯಿತು, ಎಲ್ಲ ಬರೆದಿದ್ದಾಳೆ. ಇದನ್ನು ಮಾಡು ಅಂತ ಯಾವ ಟೀಚರೂ ಹೇಳಿರಲಿಲ್ಲ.

ಹಾಸನದಲ್ಲಿ ಒಂದು ಖಾಸಗಿ ಕಾಲೇಜಿಗೆ ಹೋಗಿದ್ದೆ. ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಕೋಚಿಂಗ್ ಸೇರಿ ವರ್ಷಕ್ಕೆ 1 ಲಕ್ಷ 20 ಸಾವಿರ ಅಂದರು. ಇವತ್ತೇ ಅರ್ಧ ಕಟ್ಟಿದರೆ ಸೀಟು, ಇಲ್ಲದಿದ್ದರೆ ನಾಳೆ ಇರುವುದಿಲ್ಲ ಅಂದರು. ವಾಪಸ್ ಬಂದೆ.

ನನ್ನ ಪ್ರಶ್ನೆ ಇಷ್ಟೇ. ಅಗ್ರಿಗೆ ಯಾವ ಕಾಂಬಿನೇಷನ್ ಬೇಕು? ಪಿಸಿಎಂಬಿ, ಅಂದರೆ ಕಂಪ್ಯೂಟರ್ ಬದಲು ಬಯಾಲಜಿ, ತಗೊಂಡು ಮುಂದೆ ಮನಸ್ಸು ಬದಲಾದರೆ ಇಂಜಿನಿಯರಿಂಗ್ ಸಿಗುವುದಿಲ್ಲವಾ? ಕನ್ನಡ ಮಾಧ್ಯಮದ ಹುಡುಗಿಗೆ ನಾಲ್ಕೂ ಸೈನ್ಸ್ ವಿಷಯ ತಡೆಯುತ್ತಾ? ನನಗೆ ಹತ್ತನೇ ಕ್ಲಾಸ್ ಆದಾಗ ಹೇಳುವವರು ಯಾರೂ ಇರಲಿಲ್ಲ. ಪಕ್ಕದ ಮನೆ ಹುಡುಗ ಐಟಿಐಗೆ ಹೊರಟಿದ್ದ, ಅವನ ಹಿಂದೆ ಹೋದೆ. ಇವಳಿಗೆ ಹಾಗಾಗಬಾರದು.

ಬಯಾಲಜಿ ಮೇಷ್ಟ್ರು, ಹಾಸನ:

ನಿಮ್ಮ ತಂಗಿಯ ನೋಟ್‌ಬುಕ್ ವಿಷಯ ಓದಿ ಬಹಳ ಸಂತೋಷವಾಯಿತು. ನಾನು ಸರ್ಕಾರಿ ಪಿಯು ಕಾಲೇಜುಗಳಲ್ಲಿ ಬಯಾಲಜಿ ಪಾಠ ಮಾಡಿ ನಿವೃತ್ತನಾದವನು. ಪಿಸಿಎಂಬಿ ಕೊಡಿಸಿ.

ಮೊದಲು ನಿಮ್ಮ ಮಾವನ ಮಾತಿಗೆ ಬರುತ್ತೇನೆ. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮಾಡಲು ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ (ರಾಜ್ಯದ ಪ್ರವೇಶ ಪರೀಕ್ಷೆ) ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಅರ್ಧ, ದ್ವಿತೀಯ ಪಿಯುಸಿಯ ಅದೇ ಮೂರು ವಿಷಯದ ಅಂಕ ಅರ್ಧ. ನಾಲ್ಕನೆಯ ವಿಷಯ ಕಂಪ್ಯೂಟರ್ ಆದರೂ ಒಂದೇ, ಬಯಾಲಜಿ ಆದರೂ ಒಂದೇ. ಪಿಸಿಎಂಬಿ ಓದಿದವಳು ನಾಳೆ ಕಂಪ್ಯೂಟರ್ ಸೈನ್ಸ್ ಬ್ರಾಂಚಿಗೆ ಹೋಗಬಹುದು. ಆದರೆ ಪಿಸಿಎಂಸಿ ಓದಿದವಳು ಬಯಾಲಜಿ ಇಲ್ಲದೆ ಅಗ್ರಿ, ವೆಟರ್ನರಿ, ಮೆಡಿಕಲ್, ನರ್ಸಿಂಗ್ ಕಡೆ ತಿರುಗಲು ಆಗುವುದಿಲ್ಲ. ಪ್ರತಿ ವರ್ಷ ಒಬ್ಬರಾದರೂ ಎರಡನೇ ವರ್ಷದಲ್ಲಿ ಬಂದು "ಸಾರ್, ಈಗ ಬಯಾಲಜಿ ಸೇರಿಸಿಕೊಳ್ಳಬಹುದಾ?" ಅಂತ ಕೇಳುತ್ತಿದ್ದರು. ಇಲ್ಲ ಅಂತ ಹೇಳುವಾಗ ನನಗೇ ಕಷ್ಟವಾಗುತ್ತಿತ್ತು.

ಇನ್ನೊಂದು ವಿಷಯ. ಅಂಕ ಜಾಸ್ತಿ ಬರುತ್ತದೆ ಅಂತ ಕನ್ನಡ ಬಿಟ್ಟು ಸಂಸ್ಕೃತ ತಗೊಳ್ಳಿ ಎಂದು ಕೆಲವರು ಹೇಳುತ್ತಾರೆ. ಭಾಷೆಯ ಅಂಕ ಇಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಬರುವುದೇ ಇಲ್ಲ. ಕನ್ನಡದಲ್ಲಿ 121 ತೆಗೆದ ಮಗು ಕನ್ನಡವನ್ನೇ ಓದಲಿ. ಅಲ್ಲಿ ಉಳಿದ ಸಮಯ ಫಿಸಿಕ್ಸಿಗೆ ಸಿಗುತ್ತದೆ.

ನಾಲ್ಕು ವಿಷಯ ತಡೆಯುತ್ತಾ ಅಂತ ಕೇಳಿದಿರಿ. ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ವಿಷಯದಲ್ಲಿ ಅಲ್ಲ, ಮೊದಲ ಮೂರು ತಿಂಗಳ ಪದಗಳಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿಯವರೆಗೆ ಅವಳು ಓದಿದ್ದು "ಜವ" ಮತ್ತು "ವೇಗ". ಕಾಲೇಜಿನಲ್ಲಿ ಜವ ಅಂದರೆ ಸ್ಪೀಡ್, ವೇಗ ಅಂದರೆ ವೆಲಾಸಿಟಿ. ಆದರೆ ಮನೆಯಲ್ಲಿ ನಾವೆಲ್ಲ ಬಸ್ಸಿನ ಸ್ಪೀಡಿಗೇ ವೇಗ ಅಂತೀವಿ. ಹಾಗಾಗಿ ಸ್ಪೀಡ್ ಎಂದಾಗ ಮಗು ವೇಗ ಎಂದು ಬರೆದುಕೊಳ್ಳುತ್ತದೆ, ಮೊದಲ ಅಧ್ಯಾಯದ ಲೆಕ್ಕವೇ ತಪ್ಪುತ್ತದೆ, ತನಗೆ ಫಿಸಿಕ್ಸ್ ಬರುವುದಿಲ್ಲ ಅಂದುಕೊಂಡು ಬಿಡುತ್ತದೆ. ಒಂದು 200 ಪುಟದ ನೋಟ್‌ಬುಕ್ ತಂದುಕೊಡಿ. ಪುಟದ ನಡುವೆ ಗೆರೆ ಎಳೆಯಲಿ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ವೇಗೋತ್ಕರ್ಷ, ಆಕ್ಸಿಲರೇಷನ್. ಸಂವೇಗ, ಮೊಮೆಂಟಮ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ತನ್ನ ಹತ್ತನೇ ತರಗತಿ ಪುಸ್ತಕ ಮತ್ತು ಅದೇ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿ, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಈ ರಜೆಯಲ್ಲೇ ಶುರು ಮಾಡಲಿ.

ಗಣಿತದಲ್ಲಿ 24 ಅಂಕ ಎಲ್ಲಿ ಹೋಯಿತು ಅಂತ ಕೇಳಿ ನೋಡಿ. ರೇಖಾಗಣಿತದ ಪ್ರಮೇಯದಲ್ಲಿ ಹೋಗಿದ್ದರೆ ಭಯವಿಲ್ಲ. ತ್ರಿಕೋನಮಿತಿ, ಬೀಜಗಣಿತದಲ್ಲಿ ಹೋಗಿದ್ದರೆ ಅದನ್ನು ಈಗಲೇ ಸರಿ ಮಾಡಬೇಕು. ಪ್ರಥಮ ಪಿಯುಸಿ ಗಣಿತ ನಿಲ್ಲುವುದೇ ಅದರ ಮೇಲೆ. ಪ್ರಥಮ ವರ್ಷ ಆರಾಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಇಟಿಗೂ ನೀಟಿಗೂ ಎರಡೂ ವರ್ಷದ ಪಾಠ ಬರುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ದ್ವಿತೀಯ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ತಲಾ 30 ಅಂಕ ಪ್ರಾಕ್ಟಿಕಲ್. ಮೈಕ್ರೋಸ್ಕೋಪಿನ ಮೇಲೆ ಧೂಳು ಕೂತಿದ್ದರೆ ಆ ಕಾಲೇಜು ಬೇಡ. ಇವತ್ತೇ ದುಡ್ಡು ಕಟ್ಟಿ ಅಂದ ಕಡೆಯಿಂದ ವಾಪಸ್ ಬಂದಿರಲ್ಲ, ಒಳ್ಳೆಯದು ಮಾಡಿದಿರಿ.

ಮೂಡಿಗೆರೆ ಅಮ್ಮ:

ಮೇಷ್ಟ್ರು ಹೇಳಿದ್ದು ಸರಿ, ಆದರೂ ನಮ್ಮ ಮನೆಯ ಅನುಭವ ಹೇಳಬೇಕು ಅನ್ನಿಸಿತು. ನನ್ನ ದೊಡ್ಡ ಮಗಳಿಗೂ ಎಲ್ಲರೂ ಇದನ್ನೇ ಹೇಳಿದ್ದರು. ಪಿಸಿಎಂಬಿ ಇದ್ದರೆ ಯಾವ ದಾರಿಯೂ ಮುಚ್ಚುವುದಿಲ್ಲ ಅಂತ. ಅವಳಿಗೆ ಮನಸ್ಸಿರಲಿಲ್ಲ, ನಾವು ಕೇಳಲಿಲ್ಲ. ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್‌ಗೆ ಬಿಟ್ಟೆವು. ಭಾನುವಾರ ಫೋನ್ ಮಾಡಿದರೆ "ಊಟ ಆಯ್ತಮ್ಮ" ಅಂತ ಮಾತ್ರ ಹೇಳುತ್ತಿದ್ದಳು. ದೀಪಾವಳಿಗೆ ಬಂದಾಗ ಬ್ಯಾಗಿನಲ್ಲಿ ಗಣಿತದ ಟೆಸ್ಟ್ ಪೇಪರ್‌ಗಳು ಸಿಕ್ಕವು. ಮೂರರಲ್ಲೂ ಹತ್ತು ದಾಟಿರಲಿಲ್ಲ. ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿ ಇಟ್ಟಿದ್ದಳು. ಅವತ್ತು ನಾನು ಅತ್ತುಬಿಟ್ಟೆ.

ಮರುವರ್ಷ ಕಾಮರ್ಸ್‌ಗೆ ಸೇರಿಸಿದೆವು. ಒಂದು ವರ್ಷ ಹೋಯಿತು. ಈಗ ಬಿಕಾಂ ಕೊನೆಯ ವರ್ಷ, ಅಕೌಂಟ್ಸ್ ಅಂದರೆ ಪ್ರಾಣ. ನಮ್ಮ ಕಾಫಿ ತೋಟದ ಲೆಕ್ಕ ಪೂರ್ತಿ ಅವಳೇ ನೋಡುತ್ತಾಳೆ.

ನಿಮ್ಮ ತಂಗಿಗೆ ಮನಸ್ಸಿದೆ, ಆದ್ದರಿಂದ ಪಿಸಿಎಂಬಿ ಸರಿ. ಆದರೆ ಪ್ರತಿ ಟೆಸ್ಟ್ ಆದ ಮೇಲೆ ಪೇಪರ್ ಕೇಳಿ ನೋಡಪ್ಪಾ. ಬೈಯಲು ಅಲ್ಲ, ಸುಮ್ನೆ ನೋಡು. ದೂರದಲ್ಲಿದ್ದೇನೆ ಅಂತ ಬಿಡಬೇಡ.

ಕಾರೇಕೆರೆ ಮೂರನೇ ವರ್ಷ:

ಅಣ್ಣ, ನಾನು ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದೇನೆ. ಬೇಲೂರಿನ ಕಡೆಯವಳು, ನಾನೂ ಕನ್ನಡ ಮಾಧ್ಯಮ. ನಿಮ್ಮ ತಂಗಿಗೆ ಇದು ನಾಲ್ಕು ವರ್ಷದ ಕೋರ್ಸ್ ಅಂತ ಹೇಳಿ, ಕೊನೆಯ ವರ್ಷದಲ್ಲಿ ಹಳ್ಳಿಯಲ್ಲೇ ಇದ್ದು ರೈತರ ಜೊತೆ ಕೆಲಸ ಮಾಡುವುದೂ ಇದೆ. ಅವಳಿಗೆ ಅದು ತುಂಬಾ ಇಷ್ಟ ಆಗುತ್ತೆ.

ಮುಖ್ಯವಾದ ಮಾತು ರೈತರ ಮಕ್ಕಳ ಕೋಟಾ. ಅದಕ್ಕೆ ಬೇರೆಯಾಗಿ ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ಆ ಕೋಟಾದ ರ‍್ಯಾಂಕಿನಲ್ಲಿ ಅರ್ಧ ಪಾಲು ಅದರದ್ದೇ. ಉಳಿದ ಅರ್ಧದಲ್ಲಿ ಪಿಯುಸಿ ಮತ್ತು ಸಿಇಟಿ ಸಮಪಾಲು. ಮೇಜಿನ ಮೇಲೆ ಬೀಜ, ಗೊಬ್ಬರ, ಗಿಡದ ಭಾಗ, ಉಪಕರಣ ಇಟ್ಟಿರುತ್ತಾರೆ. ನೋಡಿ ಗುರುತಿಸಬೇಕು. ಹೊಲ ತಿಳಿದವಳಿಗೆ ಇದು ದೊಡ್ಡ ಬಲ. ಆದರೆ ನಮ್ಮ ಕಡೆ ಬೆಳೆಯದ ಬೀಜಗಳನ್ನೂ ಕೇಳುತ್ತಾರೆ. ಕುಸುಬೆ, ಅಗಸೆ ನಾನು ಮೊದಲು ನೋಡಿದ್ದೇ ಅದಕ್ಕೆ ತಯಾರಾಗುವಾಗ. ಈಗಿನಿಂದಲೇ ಬೀಜಗಳನ್ನು ಸಣ್ಣ ಪೊಟ್ಟಣ ಕಟ್ಟಿ ಹೆಸರು ಬರೆದಿಡಲಿ. ಸಿಇಟಿಯಲ್ಲಿ ನಾಲ್ಕೂ ವಿಷಯ ಬರೆಯಲಿ, ಒಂದನ್ನೂ ಬಿಡುವುದು ಬೇಡ.

ಕಾಗದ ಪತ್ರದ ಕೆಲಸ ಈಗಲೇ ಮಾಡಿ ಅಣ್ಣ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯವಸಾಯಗಾರರ ಕುಟುಂಬದ ಸದಸ್ಯೆ ಅಂತ ಒಂದು ಪತ್ರ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರನ್ನು ಸಿಇಟಿ ಅರ್ಜಿಯಲ್ಲಿ ಹಾಕಬೇಕಾಗುತ್ತದೆ. ಪತ್ರದಲ್ಲಿರುವ ಹೆಸರು, ಅಂಕಪಟ್ಟಿಯ ಹೆಸರು, ಆಧಾರ್ ಹೆಸರು ಮೂರೂ ಒಂದೇ ಇರಬೇಕು. ನನ್ನ ಅಪ್ಪನ ಹೆಸರಿನಲ್ಲಿ ಒಂದು "ಗೌಡ" ಹೆಚ್ಚಿಗೆ ಇತ್ತು, ಅದನ್ನು ಸರಿ ಮಾಡಿಸಲು ಏಳು ಸಲ ಓಡಾಡಿದೆವು. ಒಂದರಿಂದ ಹತ್ತು ಗ್ರಾಮೀಣ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್. ಇವಳಿಗೆ ಎರಡೂ ಬರಬಹುದು. ಪ್ರೈಮರಿ ಶಾಲೆ ಬೇರೆ, ಹೈಸ್ಕೂಲ್ ಬೇರೆ ಆದರೆ ಎರಡೂ ಕಡೆ ಹೆಡ್‌ಮಾಸ್ಟರ್ ಹತ್ತಿರ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಸಹಿ ಆಗಲಿ.

ಅಗ್ರಿ ಸಿಗದಿದ್ದರೂ ಚಿಂತೆ ಬೇಡ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಹಾಸನದಲ್ಲೇ ವೆಟರ್ನರಿ ಕಾಲೇಜಿದೆ. ಎಲ್ಲದಕ್ಕೂ ಪಿಸಿಎಂಬಿ ಸಾಕು.

ಅರಕಲಗೂಡಿನ ಅಣ್ಣ:

ಮೂವರಿಗೂ ಕೈ ಮುಗಿಯುತ್ತೇನೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಶನಿವಾರ ರಾತ್ರಿ ಊರಿಗೆ ಹೋಗಿ ನಿಮ್ಮ ಉತ್ತರಗಳನ್ನು ಎಲ್ಲರಿಗೂ ಓದಿ ಹೇಳಿದೆ. ಇಂಜಿನಿಯರಿಂಗ್ ದಾರಿ ಮುಚ್ಚುವುದಿಲ್ಲ ಅಂತ ಗೊತ್ತಾದ ಮೇಲೆ ಮಾವ ಒಪ್ಪಿದರು. ಅಮ್ಮನಿಗೆ ಹೇಳಿದೆ, ಸೈನ್ಸ್ ಓದಿ ಆಮೇಲೆ ಬಿ.ಎಡ್ ಮಾಡಿದರೂ ಟೀಚರ್ ಆಗಬಹುದು ಅಂತ. ಅಪ್ಪ ಊಟ ಮುಗಿಸಿ ಎದ್ದವರು ತಂಗಿಯ ನೋಟ್‌ಬುಕ್ ತರಿಸಿದರು. ದೀಪದ ಹತ್ತಿರ ಹಿಡಿದು ಒಂದೊಂದೇ ಎಲೆ ನೋಡಿದರು. "ಈ ಸಾಲಿಗೆ ನಾನು ಎರಡು ಸಲ ಹೊಡೆದಿದ್ದೆ, ಒಂದೇ ಬರ್ದಿದ್ದೀಯ" ಅಂದರು. ಅವಳು ಪೆನ್ನು ತಂದು ತಿದ್ದಿದಳು.

ಮೇಷ್ಟ್ರೇ, ಗಣಿತದಲ್ಲಿ ಹೋಗಿರುವುದು ತ್ರಿಕೋನಮಿತಿ ಮತ್ತು ಎತ್ತರ-ದೂರದ ಲೆಕ್ಕ. ಅವಳೇ ಹೇಳಿದಳು. ನಮ್ಮ ಹೈಸ್ಕೂಲಿನ ಗಣಿತದ ಮೇಡಂ ರಜೆಯಲ್ಲಿ ದಿನಾ ಒಂದು ಗಂಟೆ ಹೇಳಿಕೊಡಲು ಒಪ್ಪಿದ್ದಾರೆ. ಹಾಸನದ ಸರ್ಕಾರಿ ಕಾಲೇಜಿಗೆ ಅರ್ಜಿ ತಂದಿದ್ದೇನೆ, ಪಿಸಿಎಂಬಿ, ಭಾಷೆ ಕನ್ನಡ. ಲ್ಯಾಬ್ ನೋಡಿದೆ, ಮೈಕ್ರೋಸ್ಕೋಪಿಗೆ ಬಟ್ಟೆ ಹೊದಿಸಿ ಇಟ್ಟಿದ್ದರು. ಬಸ್ಸಿಗೆ ಶಕ್ತಿ ಯೋಜನೆ ಇದೆ, ಚಾರ್ಜಿನ ಚಿಂತೆಯಿಲ್ಲ, ಆದರೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ ಬೇಕು. ಅದಕ್ಕೆ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೂ ಅರ್ಜಿ ಹಾಕುತ್ತೇವೆ.

ಅಮ್ಮಾ, ಟೆಸ್ಟ್ ಪೇಪರ್ ಫೋಟೋ ಕಳಿಸಬೇಕು ಅಂತ ಅವಳಿಗೆ ಹೇಳಿದ್ದೇನೆ. ಎಷ್ಟೇ ಬಂದಿದ್ದರೂ ಕಳಿಸುತ್ತೇನೆ ಅಂತ ಒಪ್ಪಿದ್ದಾಳೆ.

ಕಾರೇಕೆರೆ ತಂಗಿ, ಅಪ್ಪನ ಹೆಸರು ಪಹಣಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದೆ. ನಿಮ್ಮ ಮಾತು ಕೇಳಿ ತೆಗೆದು ನೋಡಿದ್ದಕ್ಕೆ ಗೊತ್ತಾಯಿತು. ಸೋಮವಾರ ರಜೆ ಹಾಕಿದ್ದೇನೆ, ಬೆಳಿಗ್ಗೆ ಅಪ್ಪನ ಜೊತೆ ನಾಡಕಚೇರಿಗೆ ಹೋಗುತ್ತೇನೆ.