ಸಹಾಯ ಬೇಕು: ರೀಸ್ಟೋರ್ ಆದಮೇಲೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ

ನಮಸ್ಕಾರ. ಅಕ್ಕನ ಇಳಕಲ್ ಸೀರೆ ಅಂಗಡಿಯ ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಆನ್‌ಲೈನ್ ಅಂಗಡಿ ನಡೆಸುವ ಪ್ಲಗಿನ್) ಸೈಟನ್ನು ಬ್ಯಾಕಪ್‌ನಿಂದ ಹೊಸ ಹೋಸ್ಟಿಂಗ್‌ಗೆ ರೀಸ್ಟೋರ್ ಮಾಡಿದ್ದೇನೆ. ಫೋಟೊ, ಬೆಲೆ, ಸ್ಟಾಕ್ ಎಲ್ಲ ಸರಿಯಾಗಿ ಬಂದಿವೆ. ಆದರೆ 'ಟೋಪ್ ತೆನಿ ಸೆರಗು' ಅಂತ ಇದ್ದ ಕಡೆ ಬರೀ '????' ಕಾಣುತ್ತಿದೆ.

ಬ್ಯಾಕಪ್‌ನ ಎಸ್‌ಕ್ಯೂಎಲ್ ಫೈಲನ್ನು (ಡೇಟಾಬೇಸ್‌ನ ಪ್ರತಿ) ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡ ಚೆನ್ನಾಗೇ ಇದೆ. ಅಂದ್ರೆ ಡೇಟಾ ಹೋಗಿಲ್ಲ, ಇಂಪೋರ್ಟ್ ಆಗುವಾಗ ಕೆಟ್ಟಿದೆ, ಅಲ್ವಾ? ಅದೇ ಫೈಲಲ್ಲಿ ಟೇಬಲ್‌ಗಳಿಗೆ ಲ್ಯಾಟಿನ್1 (ಕನ್ನಡ ಅಕ್ಷರಗಳಿಲ್ಲದ ಕ್ಯಾರೆಕ್ಟರ್ ಸೆಟ್) ಅಂತಿದೆ. ಅದನ್ನು ಯುಟಿಎಫ್8ಎಂಬಿ4 (ಕನ್ನಡವೂ ಸೇರಿ ಎಲ್ಲ ಲಿಪಿ ಹಿಡಿಸುವ ಸೆಟ್) ಅಂತ ಬದಲಿಸಿ, ಖಾಲಿ ಡೇಟಾಬೇಸ್‌ಗೆ ಮತ್ತೆ ಇಂಪೋರ್ಟ್ ಮಾಡಿದರೆ ಸಾಕಾ?

ಇನ್ನೊಂದು ದೊಡ್ಡ ಚಿಂತೆ. ಹಳೇ ಸೈಟ್ ಇನ್ನೂ ಓಡುತ್ತಿದೆ, ಬ್ಯಾಕಪ್ ಆದಮೇಲೂ ಆರ್ಡರ್ ಬಂದಿವೆ. ದುಡ್ಡು ಕಟ್ಟಿದ ಒಬ್ಬ ಗ್ರಾಹಕರ ಆರ್ಡರ್ ಕೂಡ ತಪ್ಪಬಾರದು. ಆರ್ಡರ್ ನಂಬರ್ ಬದಲಾಗದ ಹಾಗೆ ಅವನ್ನಷ್ಟೇ ತರಬಹುದಾ? ಇಲ್ಲಾ ಹಳೇ ಸೈಟ್ ನಿಲ್ಲಿಸಿ ಹೊಸದಾಗಿ ಬ್ಯಾಕಪ್ ತೆಗೆಯೋದೇ ಒಳ್ಳೆಯದಾ? ಮಾಡಿ ಗೊತ್ತಿರೋರು ದಯವಿಟ್ಟು ತಿಳಿಸಿ.