ಸೆಪ್ಟರ್: 25 ಓಟಗಳಲ್ಲಿ 13 ಗೆಲುವು, ಆದರೂ ಸಾಟಿಯಿಲ್ಲದವಳು ಎನ್ನುವುದೇಕೆ?

ಪ್ರಶ್ನೆ ಕೇಳಿದವರು: ಬೆಳಗಿನ ತಾಲೀಮು

ಇಂಗ್ಲೆಂಡಿನ ಹಳೆಯ ಥರೋಬ್ರೆಡ್ (ರೇಸಿನ ತಳಿಯ) ಕುದುರೆಗಳ ಬಗ್ಗೆ ಓದುವಾಗಲೆಲ್ಲ ಒಂದು ಸಂಶಯ ನನ್ನನ್ನು ಕಾಡುತ್ತದೆ. 1901ರಲ್ಲಿ ಹುಟ್ಟಿದ ಪ್ರೆಟಿ ಪಾಲಿ 24 ಓಟಗಳಲ್ಲಿ 22ನ್ನು ಗೆದ್ದಿತು. ಅದಕ್ಕಿಂತ ಎರಡು ವರ್ಷ ಹಿರಿದಾದ ಸೆಪ್ಟರ್ ಗೆದ್ದಿದ್ದು 25ರಲ್ಲಿ 13 ಮಾತ್ರ. ಹೀಗಿದ್ದೂ ಬಲ್ಲವರು ಇವೆರಡನ್ನೂ ಒಂದೇ ಸಾಲಿನಲ್ಲಿಡುತ್ತಾರೆ, ಕೆಲವರಂತೂ ಸೆಪ್ಟರ್‌ಗೇ ಮೊದಲ ಸ್ಥಾನ ಕೊಡುತ್ತಾರೆ. ಕಾರಣ ಕೇಳಿದರೆ 'ಎಲ್ಲ ದೂರಕ್ಕೂ ಸೈ ಎನಿಸಿಕೊಂಡ ಕುದುರೆ' ಎಂಬ ಉತ್ತರ ಬರುತ್ತದೆ. ಹನ್ನೆರಡು ಸೋಲುಗಳನ್ನು ಮುಚ್ಚಿಡಲು ಬಹುಮುಖ ಸಾಮರ್ಥ್ಯ ಎಂಬ ಮಾತು ಬಳಕೆಯಾಗುತ್ತಿದೆಯೇ, ಅಥವಾ ಆ ಸೋಲುಗಳಲ್ಲೇ ನನಗೆ ಕಾಣದ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಎಂಟು ಫರ್ಲಾಂಗ್

ಸೆಪ್ಟರ್‌ನ 1902ರ ದಿನಚರಿಯನ್ನು ಒಮ್ಮೆ ಮುಂದಿಟ್ಟುಕೊಂಡು ನೋಡಿ, ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಇದೆ. ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ತೀರಿಕೊಂಡ ಮೇಲೆ 1900ರಲ್ಲಿ ಅವರ ಕುದುರೆಗಳು ಹರಾಜಿಗೆ ಬಂದಾಗ ಇನ್ನೂ ಒಂದು ವರ್ಷದ ಮರಿಯಾಗಿದ್ದ ಇದನ್ನು ರಾಬರ್ಟ್ ಸೀವಿಯರ್ ಎಂಬವರು 10,000 ಗಿನಿ (ಹಳೆಯ ಇಂಗ್ಲಿಷ್ ಹಣ) ಕೊಟ್ಟು ಕೊಂಡರು. ಆ ವಯಸ್ಸಿನ ಕುದುರೆಗೆ ಅಷ್ಟು ಬೆಲೆ ಅದುವರೆಗೆ ಬಂದಿರಲಿಲ್ಲ. ಸೀವಿಯರ್ ದೊಡ್ಡ ಮೊತ್ತದ ಬಾಜಿ ಕಟ್ಟುವ ಮನುಷ್ಯ. ಎರಡು ವರ್ಷದ ಕುದುರೆಯಾಗಿದ್ದಾಗ ಚಾರ್ಲ್ಸ್ ಮಾರ್ಟನ್ ಅದನ್ನು ಪಳಗಿಸಿ ಮೂರರಲ್ಲಿ ಎರಡು ಓಟ ಗೆಲ್ಲಿಸಿದರು. ಅವರು ಬೇರೆ ಮಾಲೀಕರ ಬಳಿಗೆ ಹೋದ ಮೇಲೆ ಸೀವಿಯರ್ ತಾವೇ ತರಬೇತಿಗೆ ನಿಂತರು.

ಮಾರ್ಚ್‌ನಲ್ಲಿ ಲಿಂಕನ್‌ಷೈರ್ ಹ್ಯಾಂಡಿಕ್ಯಾಪ್, ಅಂದರೆ ಕುದುರೆಯ ಬಲಕ್ಕೆ ತಕ್ಕಂತೆ ಬೇರೆ ಬೇರೆ ಭಾರ ಹೊರಿಸಿ ಓಡಿಸುವ ಓಟ. ಮೂರು ವರ್ಷದ ಹೆಣ್ಣುಕುದುರೆಯನ್ನು ಕ್ಲಾಸಿಕ್‌ಗಳಿಗೆ (ಮೂರು ವರ್ಷದ ಕುದುರೆಗಳ ಐದು ಹಿರಿಯ ಓಟಗಳು: 2000 ಗಿನೀಸ್, 1000 ಗಿನೀಸ್, ಡರ್ಬಿ, ಓಕ್ಸ್, ಸೇಂಟ್ ಲೆಜರ್) ಮುನ್ನ ವಯಸ್ಸಿನಲ್ಲಿ ದೊಡ್ಡ ಕುದುರೆಗಳ ಗುಂಪಿನಲ್ಲಿ ಓಡಿಸಿದರು, ಒಂದು ತಲೆಯ ಅಂತರದಲ್ಲಿ ಎರಡನೆಯದಾಯಿತು. ನಂತರ ನ್ಯೂಮಾರ್ಕೆಟ್‌ನಲ್ಲಿ ಗಂಡುಕುದುರೆಗಳೆದುರು 2000 ಗಿನೀಸ್ ಗೆದ್ದಿತು, ಎರಡು ದಿನ ಬಿಟ್ಟು 1000 ಗಿನೀಸ್ ಗೆದ್ದಿತು. ಎಪ್ಸಮ್‌ನಲ್ಲಿ ಬುಧವಾರ ಡರ್ಬಿ ಓಡಿ ನಾಲ್ಕನೆಯದಾಗಿ, ಶುಕ್ರವಾರ ಅದೇ ಹಾದಿಯಲ್ಲಿ ಓಕ್ಸ್ ಗೆದ್ದಿತು. ಅಷ್ಟಕ್ಕೇ ಬಿಡದೆ ಅದನ್ನು ಹಡಗು ಹತ್ತಿಸಿ ಪ್ಯಾರಿಸ್‌ಗೆ ಕರೆದೊಯ್ದು ಗ್ರಾಂ ಪ್ರಿಯಲ್ಲಿ ಓಡಿಸಿದರು. ಅಲ್ಲಿ ಸೋತು ಮರಳಿದ ಕೆಲವೇ ದಿನಗಳಲ್ಲಿ ಆಸ್ಕಟ್‌ನಲ್ಲಿ ಒಂದು ದಿನ ಕಾರೊನೇಷನ್ ಸ್ಟೇಕ್ಸ್ ಸೋತು, ಮರುದಿನ ಸೇಂಟ್ ಜೇಮ್ಸಸ್ ಪ್ಯಾಲೇಸ್ ಸ್ಟೇಕ್ಸ್ ಗೆದ್ದಿತು. ಗುಡ್‌ವುಡ್‌ನಲ್ಲಿ ಸಸೆಕ್ಸ್ ಸ್ಟೇಕ್ಸ್ ಸೋಲು, ನಸ್ಸಾ ಸ್ಟೇಕ್ಸ್ ಗೆಲುವು. ಸೆಪ್ಟೆಂಬರ್‌ನಲ್ಲಿ ಡಾನ್‌ಕಾಸ್ಟರ್‌ನ ಸುಮಾರು 2,900 ಮೀಟರಿನ ಸೇಂಟ್ ಲೆಜರ್ ಗೆದ್ದು, ಎರಡು ದಿನದ ನಂತರ ಪಾರ್ಕ್ ಹಿಲ್ ಸ್ಟೇಕ್ಸ್‌ನಲ್ಲಿ ಎರಡನೆಯದಾಯಿತು.

ಆರು ತಿಂಗಳೊಳಗೆ 12 ಓಟ, 6 ಗೆಲುವು, ಅದರಲ್ಲಿ ನಾಲ್ಕು ಕ್ಲಾಸಿಕ್. ಯಾರೊಡನೆಯೂ ಹಂಚಿಕೊಳ್ಳದೆ ನಾಲ್ಕನ್ನು ಗೆದ್ದ ಕುದುರೆ ಇದೊಂದೇ. 1868ರಲ್ಲಿ ಫಾರ್ಮೋಸಾ ನಾಲ್ಕು ಗೆದ್ದಿದ್ದರೂ 2000 ಗಿನೀಸ್‌ನಲ್ಲಿ ಇನ್ನೊಂದು ಕುದುರೆಯೊಡನೆ ಸಮಬಲವಾಗಿತ್ತು.

ಉತ್ತರ: ಲಾಯದ ಮಗ

ಮೇಲಿನವರು ಕೊಟ್ಟ ವಿವರಗಳಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಆದರೆ ಅದನ್ನು ಬರೀ ಹೆಮ್ಮೆಯಿಂದ ಓದಲು ನನ್ನಿಂದಾಗುವುದಿಲ್ಲ. ನನ್ನ ತಂದೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು ಆಗಿದ್ದರು. ಓಟ ಮುಗಿದ ಸಂಜೆ ಅವರು ಮೊದಲು ನೋಡುತ್ತಿದ್ದುದು ಕಾಲನ್ನಲ್ಲ, ಗೋದಲಿಯನ್ನು. ಒಮ್ಮೆ 2,000 ಮೀಟರ್ ಓಡಿ ಬಂದ ಹೆಣ್ಣುಕುದುರೆಯೊಂದು ಓಟ್ಸ್‌ಗೆ ಮೂಗು ತಾಗಿಸಿ ಹಾಗೇ ತಿರುಗಿ ನಿಂತಿತ್ತು. ಒಣಗಿದ ಬೆವರು ಹೊಟ್ಟೆಯ ಕೆಳಗೆ ಬಿಳಿ ಗೆರೆಗಳಾಗಿ ಕೂತಿತ್ತು, ಪಕ್ಕೆಲುಬಿನ ಹಿಂದಿನ ಜಾಗ ಒಳಗೆ ಸೇದಿಕೊಂಡಿತ್ತು. ಅವಳು ಗೋದಲಿಯನ್ನು ಪೂರ್ತಿ ಬರಿದು ಮಾಡಿದ್ದು ನಾಲ್ಕನೆಯ ದಿನ. ಅಲ್ಲಿಯವರೆಗೆ ಅಪ್ಪ ಅವಳ ಬೆನ್ನ ಮೇಲೆ ಯಾರನ್ನೂ ಹತ್ತಿಸಲು ಒಪ್ಪಿರಲಿಲ್ಲ.

ಆದ್ದರಿಂದ ಡರ್ಬಿಯಾಗಿ ಎರಡೇ ದಿನಕ್ಕೆ ಓಕ್ಸ್ ಎಂದು ಓದಿದಾಗ ನನಗೆ ಸೆಪ್ಟರ್‌ಳ ಗೋದಲಿ ಕಣ್ಣಮುಂದೆ ಬರುತ್ತದೆ. ಅಂಥ ಗಟ್ಟಿ ದೇಹ ಸಾವಿರಕ್ಕೊಂದು ಕುದುರೆಗೂ ಇರುವುದಿಲ್ಲ, ಅದು ನಿಜ. ಆದರೆ ಡರ್ಬಿಗೆ ಮುನ್ನ ಅವಳ ಪಾದಕ್ಕೆ ಪೆಟ್ಟಾಗಿ ಕೆಲವು ದಿನದ ತಾಲೀಮು ತಪ್ಪಿತ್ತು. ಓಟದ ಆರಂಭದಲ್ಲಿಯೂ ಹಿಂದೆ ಬಿದ್ದಳು. ಆ ಸೋಲನ್ನು ಅವಳ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಬಹುಮುಖ ಸಾಮರ್ಥ್ಯ ಅವಳದು. ಅದನ್ನು ವಾರಕ್ಕೆರಡು ಬಾರಿ ಪಣಕ್ಕಿಟ್ಟಿದ್ದು ಮಾಲೀಕರ ಹಣದ ಅವಸರ.

ಉತ್ತರ: ವಂಶವೃಕ್ಷ

ಸೆಪ್ಟರ್ ಏನೆಂದು ತಿಳಿಯಬೇಕಾದರೆ ನೋಡಬೇಕಾದದ್ದು 1903 ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಲಿಂಕನ್‌ಷೈರ್‌ನಲ್ಲಿ ಮತ್ತೆ ಸೋತ ಮೇಲೆ ಸೀವಿಯರ್ ಅದನ್ನು ವಿಲಿಯಂ ಬ್ಯಾಸ್ ಅವರಿಗೆ 25,000 ಪೌಂಡಿಗೆ ಮಾರಿದರು, ತರಬೇತಿ ಮ್ಯಾಂಟನ್‌ನ ಅಲೆಕ್ ಟೇಲರ್ ಅವರ ಕೈಗೆ ಹೋಯಿತು. ಅಲ್ಲಿಂದ ವರ್ಷದ ಕೊನೆಯವರೆಗೆ ಆರು ಓಟ, ಐದು ಗೆಲುವು. ಆ ಒಂದೇ ಸೋಲು ಸ್ಯಾಂಡೌನ್‌ನ ಎಕ್ಲಿಪ್ಸ್ ಸ್ಟೇಕ್ಸ್‌ನದು. ಕಣದಲ್ಲಿ ಹಿಂದಿನ ವರ್ಷದ ಡರ್ಬಿ ವಿಜೇತ ಆರ್ಡ್ ಪ್ಯಾಟ್ರಿಕ್ ಮತ್ತು ಆ ವರ್ಷದ ಡರ್ಬಿ ವಿಜೇತ ರಾಕ್ ಸ್ಯಾಂಡ್ ಇದ್ದವು. ರಾಕ್ ಸ್ಯಾಂಡ್ ಹಿಂದೆ ಬಿದ್ದ ಮೇಲೆ ಉಳಿದೆರಡು ಕೊನೆಯ ಏರಿನಲ್ಲಿ ಭುಜಕ್ಕೆ ಭುಜ ಕೊಟ್ಟು ಓಡಿ, ಆರ್ಡ್ ಪ್ಯಾಟ್ರಿಕ್ ಒಂದು ಕುತ್ತಿಗೆಯಷ್ಟು ಮುಂದಾಗಿ ಗೆದ್ದಿತು. ಸೋತ ಕುದುರೆಯ ಹೆಸರಿಲ್ಲದೆ ಈ ಓಟದ ಮಾತನ್ನು ಯಾರೂ ಆಡುವುದಿಲ್ಲ. ಮುಂದೆ ಆ ವರ್ಷದ ತ್ರಿವಳಿ ಕಿರೀಟ (2000 ಗಿನೀಸ್, ಡರ್ಬಿ, ಸೇಂಟ್ ಲೆಜರ್ ಮೂರೂ) ಗೆದ್ದ ರಾಕ್ ಸ್ಯಾಂಡನ್ನೇ ಸೆಪ್ಟರ್ ಜಾಕಿ ಕ್ಲಬ್ ಸ್ಟೇಕ್ಸ್‌ನಲ್ಲಿ ಮತ್ತೆ ಸೋಲಿಸಿತು.

ಇನ್ನು ದೂರದ ಮಾತು. ತಂದೆ ಪರ್ಸಿಮನ್ ಡರ್ಬಿಯ ಜೊತೆಗೆ 4,000 ಮೀಟರಿನ ಆಸ್ಕಟ್ ಗೋಲ್ಡ್ ಕಪ್ ಕೂಡ ಗೆದ್ದಿತ್ತು. ತಾಯಿ ಆರ್ನಮೆಂಟ್ ಸೋಲನ್ನೇ ಕಾಣದ ಆರ್ಮಂಡ್‌ನ ಒಡಹುಟ್ಟು. ದಮ್ಮು, ವೇಗ ಎರಡೂ ರಕ್ತದಲ್ಲೇ ಇದ್ದವು.

ಪ್ರಶ್ನೆ ಕೇಳಿದವರು: ಬೆಳಗಿನ ತಾಲೀಮು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಾನು ಸೋಲುಗಳನ್ನು ಎಣಿಸುತ್ತಿದ್ದೆ, ಅವುಗಳ ನಡುವಿನ ದಿನಗಳನ್ನು ಎಣಿಸಿರಲಿಲ್ಲ. ಹಾಗಾದರೆ ಟೇಲರ್ ಅವರ ಕೈಯಲ್ಲೇ ಇದ್ದೂ 1904ರಲ್ಲಿ ಅದು ಓಡಿದ ಮೂರು ಓಟಗಳನ್ನೂ ಸೋತದ್ದೇಕೆ?

ಉತ್ತರ: ಲಾಯದ ಮಗ

ಕಾರೊನೇಷನ್ ಕಪ್‌ನಲ್ಲಿ ಎರಡನೆಯವಳು, ಗೋಲ್ಡ್ ಕಪ್‌ನಲ್ಲಿ ಮೂರನೆಯವಳು, ಅದೇ ವಾರ ಹಾರ್ಡ್‌ವಿಕ್‌ನಲ್ಲಿಯೂ ಮೂರನೆಯವಳು. ಐದು ವರ್ಷದ ಕುದುರೆಗೆ ಅದು ಮುಪ್ಪೇನಲ್ಲ, ಆದರೆ ಹಿಂದಿನ ಎರಡು ವರ್ಷಗಳಲ್ಲಿ 19 ಬಾರಿ ಓಡಿದ ದೇಹ ಎಲ್ಲೋ ಲೆಕ್ಕ ಕೇಳಿಯೇ ಕೇಳುತ್ತದೆ ಎಂದು ನಾನು ನಂಬುತ್ತೇನೆ. ಆಮೇಲೆ ಅವಳನ್ನು ಓಡಿಸಲಿಲ್ಲ ಎಂಬುದೇ ನನಗೆ ಸಮಾಧಾನ. ಸ್ಟಡ್‌ನಲ್ಲಿ (ಕುದುರೆಗಳಿಂದ ಮರಿ ಪಡೆಯುವ ಲಾಯದಲ್ಲಿ) ಅವಳಿಗೆ ಮೇಡ್ ಆಫ್ ದ ಮಿಸ್ಟ್ ಎಂಬ ಮಗಳು ಹುಟ್ಟಿದಳು. ಆ ಮಗಳ ಮಗಳು ಸನ್ನಿ ಜೇನ್ 1917ರ ಓಕ್ಸ್ ಗೆದ್ದಳು, ಮಗ ಕ್ರೇಗ್ ಆನ್ ಎರಾನ್ 1921ರ 2000 ಗಿನೀಸ್ ಗೆದ್ದ. ಸೆಪ್ಟರ್ ಆಗ ಇನ್ನೂ ಬದುಕಿದ್ದಳು.