ಪದಚರ್ಚೆ: ನಿಂಬೆಹುಲ್ಲಿನ 'ಎಸೆನ್ಷಿಯಲ್ ಆಯಿಲ್'ಗೆ ಬೋರ್ಡಿನ ಮೇಲೆ ಏನು ಬರೆಯಲಿ?

ಹುಮನಾಬಾದಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಕಡೆ ಕೆಲವು ರೈತರು ಸೇರಿ ನಿಂಬೆಹುಲ್ಲು ಹಾಕಿದ್ದಾರೆ. ಹೊಲದ ಪಕ್ಕದಲ್ಲೇ ಬಟ್ಟಿ ಕೂಡಿಸಿ ಎಣ್ಣೆ ಇಳಿಸುತ್ತಾರೆ. ಶೀಶೆಯ ಲೇಬಲ್ಲು, ಬಾಗಿಲ ಮೇಲಿನ ಬೋರ್ಡು ಎರಡಕ್ಕೂ ಕನ್ನಡ ಬರೆದುಕೊಡಿ ಅಂತ ನನಗೆ ಗಂಟುಹಾಕಿದ್ದಾರೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. 'ಎಸೆನ್ಷಿಯಲ್ ಆಯಿಲ್' ಅಂತ ಫೋನಿಗೆ ಕೊಟ್ಟರೆ 'ಅಗತ್ಯ ತೈಲ' ಅಂತ ತೋರಿಸಿತು. ರೇಷನ್ ಅಂಗಡಿಯ ಸಾಲು ನೆನಪಾಯಿತು. ಸುಗಂಧ ತೈಲ, ಸಾರಭೂತ ತೈಲ, ಅತ್ತರ್, ಇದರಲ್ಲಿ ಯಾವುದು ಸರಿ? ನೂರು ಕಿಲೋ ಹುಲ್ಲು ತುಂಬಿದರೆ ಅರ್ಧ ಕಿಲೋ ಆಸುಪಾಸು ಎಣ್ಣೆ ಸಿಗೋದು. ಹಾಗಾಗಿ ಶೀಶೆ ಚಿಕ್ಕದು, ಲೇಬಲ್ಲೂ ಚಿಕ್ಕದು. ಉದ್ದದ ಪದ ಹಿಡಿಯೋಲ್ಲ. ಪಾಠ ಬೇಡ, ಪದ ಕೊಡಿ ಸಾಕು.

ಆಳಂದದಿಂದ:

ಕಂಪೆಣ್ಣೆ. ಮುಗೀತು. ಕಂಪು ನಮ್ಮದು, ಎಣ್ಣೆ ನಮ್ಮದು. ತೈಲ ಯಾಕೆ ಬೇಕು? ಇನ್ನೂ ಚೆಂದ ಬೇಕಂದ್ರೆ ಹಳಗನ್ನಡದ 'ನರು' ಇದೆ, ನರುಗಂಪಿನ ನರು. ನರುವೆಣ್ಣೆ ಅನ್ನಿ. ಬಳಸದೆ ಬಿಟ್ಟು ಆಮೇಲೆ ಕನ್ನಡದಲ್ಲಿ ಪದ ಇಲ್ಲ ಅಂತ ಅಳೋದು ಬೇಡ.

ಯಾದಗಿರಿಯಿಂದ:

ನರುವೆಣ್ಣೆ ಅಂದ್ರೆ ನರದ ಎಣ್ಣೆ ಅಂತ ಜನ ಮಂಡಿಗೆ ತಿಕ್ಕಿಕೊಳ್ತಾರೆ. ಕಂಪೆಣ್ಣೆ ಪೇಂಟರ್ ಕೈಯಲ್ಲಿ ಕೆಂಪೆಣ್ಣೆ ಆಗೋದು ಗ್ಯಾರಂಟಿ. ಪುಸ್ತಕದಲ್ಲಿರೋ 'ಸಾರಭೂತ ತೈಲ' ಹಾಕಿಬಿಡಿ ಸುಮ್ನೆ.

ಕಲಬುರಗಿಯಿಂದ:

ಶೀಶೆಯ ಮೇಲೆ ಭೂತ ಕೂರಿಸಬೇಡಿ ಸರ್. ಪಾಠ ಬೇಡ ಅಂದಿದ್ದೀರಿ, ಆದ್ರೂ ಹೇಳ್ತೀನಿ.

'ಅಗತ್ಯ' ತಪ್ಪೇ ತಪ್ಪು. ಆ ಇಂಗ್ಲಿಷ್ ಪದದೊಳಗೆ ಇರೋದು ಎಸೆನ್ಸ್, ಗಿಡದ ಸತ್ವ. 16ನೇ ಶತಮಾನದ ಪ್ಯಾರಾಸೆಲ್ಸಸ್ ಮತ್ತು ಅವನಂಥ ರಸವಾದಿಗಳು ವಸ್ತುವಿನ 'ಐದನೇ ಸಾರ', ಅಂದರೆ ಅದರ ಅಪ್ಪಟ ಸತ್ವ, ತೆಗೆಯುವ ಮಾತಾಡುತ್ತಿದ್ದರು. ಆ ಕಡೆಯಿಂದ ಬಂದ ಹೆಸರು ಇದು.

ಆಳಂದದ ಅಣ್ಣಾರೇ, ಎಣ್ಣೆ ನಮ್ಮದು, ಒಪ್ಪಿದೆ. ಆದರೆ ಎಣ್ಣೆ ಅಂದರೆ ಎಳ್ + ನೆಯ್, ಎಳ್ಳಿನ ಜಿಡ್ಡು. ತೈಲ ಅಂದರೂ ತಿಲದ್ದು, ಎಳ್ಳಿನದೇ. ಎರಡೂ ಒಂದೇ ಎಳ್ಳಿನ ಚೀಲದಿಂದ ಬಂದವು. ಇದರಲ್ಲಿ ಯಾವುದು ಮೇಲು ಅಂತ ಜಗಳ ಆಡಿ ಏನು ಬಂತು? ನಿಂಬೆಹುಲ್ಲಿನಿಂದ ಇಳಿಯೋದರಲ್ಲಿ ಎಳ್ಳೂ ಇಲ್ಲ, ಜಿಡ್ಡೂ ಇಲ್ಲ. ಹಳೇ ಪೇಪರಿನ ಮೇಲೆ ಒಂದು ಹನಿ ಕುಸುಬಿ ಎಣ್ಣೆ, ಒಂದು ಹನಿ ನೀಲಗಿರಿ ಎಣ್ಣೆ ಹಾಕಿ ಬಿಸಿಲಿಗೆ ಇಡಿ. ಕುಸುಬಿಯ ಕಲೆ ಕೂತೇ ಇರುತ್ತದೆ, ಹಿಂದಿನ ಪುಟದ ಅಕ್ಷರ ಅದರೊಳಗಿಂದ ಕಾಣುತ್ತವೆ. ನೀಲಗಿರಿಯದು ಹಾರಿಹೋಗಿರುತ್ತದೆ. ಗಾಣದ್ದು ಬೇರೆ, ಬಟ್ಟಿಯದು ಬೇರೆ.

'ಸುಗಂಧ ತೈಲ'ಕ್ಕೆ ಆಗಲೇ ಬೇರೆ ಅರ್ಥ ಅಂಟಿಕೊಂಡಿದೆ. ನಿಮ್ಮ ಬೀದರ್ ಜಿಲ್ಲೆಯ ಕಲ್ಯಾಣದಲ್ಲೇ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಸ್ನಾನಕ್ಕೆ ಮುಂಚೆ ಮೈಗೆ ಹಚ್ಚುವ, ಹೂವಿನ ವಾಸನೆ ಕೂಡಿಸಿದ ಎಳ್ಳೆಣ್ಣೆ ಬರುತ್ತದೆ. ಇವತ್ತಿಗೂ ಸುಗಂಧ ತೈಲ ಅಂದರೆ ಜನಕ್ಕೆ ತಲೆಗೆ ಹಾಕೋದೇ. ನಿಂಬೆಹುಲ್ಲಿನ ಎಣ್ಣೆಯ ಮುಕ್ಕಾಲು ಭಾಗದಷ್ಟು ಸಿಟ್ರಲ್, ನಿಂಬೆ ವಾಸನೆ ಕೊಡುವ ರಾಸಾಯನಿಕ. ಅದನ್ನ ಹಾಗೇ ಅಂಗೈಗೆ ಸುರಿದು ನೆತ್ತಿಗೆ ತಟ್ಟಿಕೊಂಡರೆ ಉರಿ ಹತ್ತುತ್ತದೆ, ಬೈಗುಳ ರೈತರಿಗೆ.

ಅತ್ತರ್ ನಮ್ಮ ಬಾಯಿಗೆ ಸಲೀಸು. ಆದರೆ ಅತ್ತರ್ ಮಾಡೋರೇ ಇದನ್ನ ಅತ್ತರ್ ಅನ್ನೋಲ್ಲ. ಉತ್ತರ ಪ್ರದೇಶದ ಕನೌಜಿನ ಪದ್ಧತಿಯಲ್ಲಿ ಡೇಗ್ ಅನ್ನೋ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆವಿಯನ್ನ ಭಪ್ಕಾ ಅನ್ನೋ ಪಾತ್ರೆಯೊಳಗಿನ ಗಂಧದೆಣ್ಣೆಗೆ ಇಳಿಸುತ್ತಾರೆ. ಅದು ಅತ್ತರ್. ಗಂಧದೆಣ್ಣೆ ಇಲ್ಲದೆ ಬರೀ ಹೂವಿನದು, ಬೇರಿನದು ಇಳಿಸಿದರೆ ರೂಹ್. ರೂಹ್ ಗುಲಾಬ್, ರೂಹ್ ಖಸ್. ಖಸ್ ಅಂದರೆ ನಮ್ಮ ಲಾವಂಚ. ರೂಹ್ ಅಂದರೆ ಆತ್ಮ. ಪ್ಯಾರಾಸೆಲ್ಸಸ್ ಹುಡುಕಿದ್ದಕ್ಕೆ ಇಷ್ಟು ಹತ್ತಿರದ ಪದ ಉರ್ದುವಿನಲ್ಲಿದೆ, ನಾವು ಡಿಕ್ಷನರಿ ತಿರುವುತ್ತಾ ಕೂತಿದ್ದೇವೆ. ಬೋರ್ಡಿಗೆ ರೂಹ್ ಹಾಕಿ ಅಂತೇನಲ್ಲ.

ಶೀಶೆಗೆ 'ನಿಂಬೆಹುಲ್ಲಿನ ಎಣ್ಣೆ', ಅಷ್ಟೇ. ಲವಂಗದ ಎಣ್ಣೆ, ನೀಲಗಿರಿ ಎಣ್ಣೆ, ಗಂಧದೆಣ್ಣೆ ಅನ್ನುವಾಗ ನಾವು ಅದರ ಜಾತಿ ಹೇಳ್ತೀವಾ? ಕೆಳಗೆ 'ಹಾಗೇ ಹಚ್ಚಬೇಡಿ, ಕುಡಿಯಬೇಡಿ' ಅಂತ ದಪ್ಪಕ್ಷರದಲ್ಲಿ ಹಾಕಿಸಿ. ಬೋರ್ಡಿಗೆ 'ಪರಿಮಳದ ಎಣ್ಣೆ ಘಟಕ'. ಬಟ್ಟಿಯಲ್ಲಿ ಇಳಿಸಿದ್ದು ಅಂತ 'ಬಟ್ಟಿ ಎಣ್ಣೆ' ಮಾತ್ರ ಬರೆಸಬೇಡಿ. ಆ ಎರಡು ಪದ ಒಟ್ಟಿಗೆ ಕಂಡರೆ ಸಂಜೆಗೆ ಗಿರಾಕಿ ಜಾಸ್ತಿ ಆಗ್ತಾರೆ, ಮಾರನೇ ದಿನ ಅಬಕಾರಿಯವರು ಬರ್ತಾರೆ.

ಆಳಂದದಿಂದ:

ಪರಿಮಳ ಸಂಸ್ಕೃತ. ಘಟಕ ಸಂಸ್ಕೃತ. ಇದರ ಮೇಲೆ ರೂಹ್ ಬೇರೆ. ಕನ್ನಡಕ್ಕೆ ಉಳಿದಿದ್ದು ಎಣ್ಣೆ ಮತ್ತು ಷಷ್ಠಿ ವಿಭಕ್ತಿ. ಎಲ್ಲಾ ಕಡ ತಂದೇ ಬದುಕೋದಾದರೆ ಈ ಬಳಗ ಯಾಕೆ ಬೇಕು?

ಬೀದರಿನಿಂದ:

ಯಪ್ಪಾ, ಮತ್ತೆ ಶುರುವಾಯ್ತು. ಅರ್ಜಿ, ಜಮೀನು, ದಾಖಲೆ ಎಲ್ಲಾ ವಾಪಸ್ ಕೊಟ್ಟರೆ ತಾಲೂಕಾಫೀಸಿನಲ್ಲಿ ಕೂರಲು ಕುರ್ಚಿ ಕೂಡ ಉಳಿಯೋಲ್ಲ. ಶೀಶೆಯೂ ಪಾರಸಿಯೇ. ಕಡ ಅನ್ನೋದು ಒಂದೇ ಕಡೆ ಹರಿಯೋಲ್ಲ ಅಣ್ಣಾರೇ. ಲಾವಂಚದ ಎಣ್ಣೆಗೆ ಯುರೋಪಿನವರು ಹೇಳೋ 'ವೆಟಿವರ್' ತಮಿಳಿನ ವೆಟ್ಟಿವೇರ್. ಆ ವೇರ್ ನಮ್ಮ ಬೇರೇ. ಪ್ಯಾರಿಸ್ಸಿನ ಸೆಂಟಿನ ಅಂಗಡಿಯಲ್ಲಿ ನಮ್ಮ ಬೇರು ಕೂತಿದೆ, ಅವರೇನು ವಾಪಸ್ ತಗೊಳ್ಳಿ ಅಂದರಾ?

ಆಳಂದದಿಂದ:

ತಮಿಳರು ತಮ್ಮ ಪದ ಬಿಡಲಿಲ್ಲ, ಅದಕ್ಕೇ ಅದು ಪ್ಯಾರಿಸ್ಸಿಗೆ ಹೋಯ್ತು. ನೀವು ಹೇಳಿದ್ದು ನನ್ನ ಮಾತೇ.

ಹುಮನಾಬಾದಿನಿಂದ:

'ನಿಂಬೆಹುಲ್ಲಿನ ಎಣ್ಣೆ' ಲೇಬಲ್ಲಿಗೆ ಕಳಿಸಿದೆ. ಬೋರ್ಡಿಗೆ 'ಪರಿಮಳದ ಎಣ್ಣೆ' ಸಾಕು ಅಂದ್ರು, ಘಟಕ ಬಿಟ್ಟೆ. ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡಿ. ಆವಿ ತಣಿದು ಬಂದಾಗ ಎಣ್ಣೆ ಮೇಲೆ ತೇಲಿ, ಕೆಳಗೆ ವಾಸನೆ ನೀರು ನಿಲ್ಲುತ್ತಲ್ಲ, ಅದನ್ನೂ ಕ್ಯಾನಿಗೆ ತುಂಬಿ ಮಾರ್ತಾರಂತೆ. ಅದಕ್ಕೆ ಏನು ಹೆಸರು?

ಕಲಬುರಗಿಯಿಂದ:

ಅರ್ಕ.

ಆಳಂದದಿಂದ:

ಅರ್ಕ ಅಂದರೆ ಸೂರ್ಯ, ಇಲ್ಲಾ ಎಕ್ಕದ ಗಿಡ. ಕ್ಯಾನಿನಲ್ಲಿ ಎಕ್ಕದ ಹಾಲು ಮಾರ್ತೀರಾ? ಕಂಪುನೀರು ಅನ್ನಿ.

ಕಲಬುರಗಿಯಿಂದ:

ಇದು ಅರಬ್ಬಿಯ ಅರಕ್. ಬೆವರು ಅಂತ ಅರ್ಥ. ಬಟ್ಟಿಯ ಕೊಳವೆಯಿಂದ ಹನಿ ಹನಿ ಬೀಳೋದನ್ನ ಒಂದು ಸಲ ನಿಂತು ನೋಡಿ, ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತೆ. ಗುಲಾಬಿ ಅರ್ಕ ಅಂದಾಗ ಯಾರೂ ಎಕ್ಕ ಅಂದುಕೊಂಡಿಲ್ಲ.

ಆಳಂದದಿಂದ:

ಬೆವರನ್ನ ಮುಖಕ್ಕೆ ಹಚ್ಚಿಕೊಳ್ಳಿ ಹಾಗಾದರೆ.

ಹುಮನಾಬಾದಿನಿಂದ:

ಕ್ಯಾನಿನ ಮೇಲೆ ಹಿಡಿಕೆ ಹತ್ತಿರ ಜಾಗ ಕಡಿಮೆ. ಅರ್ಕ ಎರಡೇ ಅಕ್ಷರ, ಅದನ್ನೇ ಹಾಕಿಸ್ತೀನಿ.